ಥೈರಾಯ್ಡ್ ಮಾತ್ರೆ ತಗೊಳ್ಳೋರು ಐರನ್ ರಿಪೋರ್ಟ್ ಹೇಗೆ ಓದಬೇಕು?

ಥೈರಾಯ್ಡ್ ಮಾತ್ರೆ ನುಂಗುವ ನಮ್ಮಂಥವರಿಗೆ ಟಿಎಸ್ಎಚ್ (ಥೈರಾಯ್ಡ್ ಸರಿಯಿದೆಯಾ ಅಂತ ಹೇಳುವ ರಕ್ತದ ಟೆಸ್ಟ್) ಓದೋದು ಬಾಯಿಪಾಠ. ಆದರೆ ಟಿಎಸ್ಎಚ್ ಸರಿಯಾಗಿದ್ದೂ ಸುಸ್ತು ಬಿಡುವುದಿಲ್ಲ, ಬಾಚಣಿಗೆ ತುಂಬ ಕೂದಲು, ಎರಡು ಮಹಡಿ ಹತ್ತಿದರೆ ಏದುಸಿರು. ಹೀಗಿದ್ದರೆ ಐರನ್ ಟೆಸ್ಟ್ ಬಗ್ಗೆ ಡಾಕ್ಟರನ್ನು ಕೇಳಿ. ಕೇಳುವಾಗ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಐರನ್ ಎಷ್ಟಿದೆ ಅಂತ ತೋರಿಸುವ ಟೆಸ್ಟ್) ಕೂಡ ಸೇರಿಸಿ ಅನ್ನಿ, ಯಾಕಂದ್ರೆ ಎಷ್ಟೋ ಲ್ಯಾಬ್‌ಗಳ ಐರನ್ ಪ್ಯಾಕೇಜಿನಲ್ಲಿ ಅದು ಇರುವುದೇ ಇಲ್ಲ.

ನನ್ನ ತಂಗಿಯ ರಿಪೋರ್ಟನ್ನೇ ನೋಡಿ. ಅವಳೂ ಥೈರಾಯ್ಡ್ ಮಾತ್ರೆಯವಳೇ. ಹಿಮೋಗ್ಲೋಬಿನ್ 12.2. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಮಾತ್ರ ರಕ್ತಹೀನತೆ ಅನ್ನುತ್ತಾರೆ, ಹಾಗಾಗಿ ಮನೆಯವರೆಲ್ಲ ನಿರಾಳ. ಅದೇ ಹಾಳೆಯ ಕೆಳಗೆ ಸೀರಂ ಐರನ್ (ಆ ಹೊತ್ತಿಗೆ ರಕ್ತದಲ್ಲಿ ಓಡಾಡುವ ಐರನ್) 40, ಟಿಐಬಿಸಿ 400, ಸ್ಯಾಚುರೇಷನ್ 10%, ಫೆರಿಟಿನ್ 9. ಒಂದೊಂದರ ಅರ್ಥ ಮುಂದೆ ಹೇಳುತ್ತೇನೆ. ಅಂದರೆ ಐರನ್ ಬಹುತೇಕ ಖಾಲಿ! ಹಿಮೋಗ್ಲೋಬಿನ್ ತಟ್ಟೆಯಲ್ಲಿರುವ ಊಟವಾದರೆ ಫೆರಿಟಿನ್ ಮನೆಯ ಕಣಜ. ಕಣಜ ಬರಿದಾದ ಮೇಲೂ ಸ್ವಲ್ಪ ದಿನ ತಟ್ಟೆಗೆ ಊಟ ಬೀಳುತ್ತಿರುತ್ತದೆ.

ಸೀರಂ ಐರನ್ ಒಂದನ್ನೇ ನೋಡಿ ಏನೂ ತೀರ್ಮಾನ ಮಾಡಬೇಡಿ. ಅದು ಬೆಳಿಗ್ಗೆ ಒಂದು, ಸಂಜೆ ಒಂದು. ಐರನ್ ಮಾತ್ರೆ ನುಂಗಿ ಹೋದರಂತೂ ಸುಮ್ನೆ ಜಾಸ್ತಿ ತೋರಿಸುತ್ತದೆ. ರಕ್ತದಲ್ಲಿ ಐರನ್ ಹೊತ್ತು ಸಾಗಿಸುವ ಪ್ರೋಟೀನಿನಲ್ಲಿ ಒಟ್ಟು ಎಷ್ಟು ಐರನ್ ಹಿಡಿಯುತ್ತದೆ ಅಂತ ಟಿಐಬಿಸಿ ಹೇಳುತ್ತದೆ. ಐರನ್ ಕಡಿಮೆಯಾದಂತೆ ಅದು ಏರುತ್ತದೆ. ಸೀರಂ ಐರನ್ನನ್ನು ಟಿಐಬಿಸಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸ್ಯಾಚುರೇಷನ್. ಅದು 20%ಗಿಂತ ಕೆಳಗಿದ್ದರೆ ಕೊರತೆಯ ಕಡೆಗೆ ಬೆರಳು ಮಾಡುತ್ತದೆ. ಇನ್ನು ಫೆರಿಟಿನ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆರೋಗ್ಯವಾಗಿರುವ ದೊಡ್ಡವರಿಗೆ 15ಕ್ಕಿಂತ ಕಡಿಮೆ ಅಂದರೆ ಕೊರತೆ, ಆದರೆ ಬಹಳಷ್ಟು ಡಾಕ್ಟರುಗಳು 30ರ ಕೆಳಗಿದ್ದರೇ ಎಚ್ಚರವಾಗುತ್ತಾರೆ. ಒಂದು ತೊಂದರೆ ಏನಂದ್ರೆ ಜ್ವರ, ಸೋಂಕು, ಮೈಯೊಳಗೆ ಉರಿಯೂತ ಏನಿದ್ದರೂ ಫೆರಿಟಿನ್ ಏರಿಬಿಡುತ್ತದೆ. ಹೋದ ವಾರ ಜ್ವರ ಬಂದಿದ್ದರೆ 60 ಅಂತ ಬಂದ ಫೆರಿಟಿನ್ ಕೂಡ ನಂಬಿಕಸ್ತ ಅಲ್ಲ.

ಥೈರಾಯ್ಡ್ ಇರೋರಿಗೇ ಇದು ಯಾಕೆ ಮುಖ್ಯ? ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸಲು ಬಳಸುವ ಕಿಣ್ವಕ್ಕೇ ಐರನ್ ಬೇಕು. ಥೈರಾಯ್ಡ್ ಕಡಿಮೆಯಾದರೆ ಮುಟ್ಟಿನ ಸ್ರಾವ ಜಾಸ್ತಿಯಾಗಿ ಐರನ್ ಹೋಗಬಹುದು. ಹಾಶಿಮೊಟೊ (ಮೈಯ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ಕಾಯಿಲೆ) ಇರುವ ಕೆಲವರಿಗೆ ಹೊಟ್ಟೆಯಲ್ಲಿ ಆಮ್ಲವೇ ಸಾಲದೆ ತಿಂದ ಐರನ್ ಮೈಗೆ ಹತ್ತುವುದಿಲ್ಲ. ಸೊಪ್ಪು, ಹುರುಳಿಕಾಳು ಎಷ್ಟು ತಿಂದರೂ ಫೆರಿಟಿನ್ ಮೇಲೇಳದಿದ್ದರೆ ಕಾರಣ ಹುಡುಕಿಸಲೇಬೇಕು.

ಎಲ್ಲಕ್ಕಿಂತ ಜೋರಾಗಿ ಹೇಳಬೇಕಾದ ಮಾತು ಇದು: ಥೈರಾಯ್ಡ್ ಮಾತ್ರೆ, ಐರನ್ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗಬೇಡಿ. ಹೊಟ್ಟೆಯೊಳಗೆ ಐರನ್ ಹೋಗಿ ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನ್‌ಗೆ ಅಂಟಿಕೊಳ್ಳುತ್ತದೆ, ಥೈರಾಕ್ಸಿನ್ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 14 ಜನರಿಗೆ 12 ವಾರ ಎರಡನ್ನೂ ಒಟ್ಟಿಗೆ ಕೊಟ್ಟಾಗ ಸರಾಸರಿ ಟಿಎಸ್ಎಚ್ 1.6 ಇದ್ದದ್ದು 5.4 ಆಯಿತು, ಅಂದರೆ ಮೈಗೆ ಥೈರಾಯ್ಡ್ ಹಾರ್ಮೋನು ಸಾಲುತ್ತಿರಲಿಲ್ಲ. ಡೋಸ್ ಬದಲಾಗಿರಲಿಲ್ಲ! ನಡುವೆ ನಾಲ್ಕು ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಮಾತ್ರೆಗೂ ಇದೇ ನಿಯಮ. ಬಸುರಿಯರು ಇನ್ನೂ ಹುಷಾರಾಗಿರಬೇಕು, ಯಾಕಂದ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಐರನ್ ಇರುತ್ತದೆ, ಜೊತೆಗೆ ಕ್ಯಾಲ್ಸಿಯಂ ಬೇರೆ, ಎಲ್ಲವನ್ನೂ ಬೆಳಿಗ್ಗೆಯೇ ಮುಗಿಸಿಬಿಡೋಣ ಅನ್ನಿಸುತ್ತದೆ ಅಲ್ವಾ? ನಮ್ಮ ಮನೆಯಲ್ಲಿ ಎದ್ದ ತಕ್ಷಣ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ, ಮುಕ್ಕಾಲು ಗಂಟೆ ಆದಮೇಲೆ ಕಾಫಿ. ಐರನ್ ಮಾತ್ರೆ ಸಂಜೆ, ನಿಂಬೆ ಪಾನಕದ ಜೊತೆ. ಕಾಫಿ, ಟೀ ಐರನ್ನನ್ನೂ ತಡೆಯುತ್ತವೆ, ಹಾಗಾಗಿ ಆ ಹೊತ್ತಿಗೆ ಅವು ಬೇಡ. ಹೊಟ್ಟೆಗೆ ಆಗದೇ ಇದ್ದರೆ ದಿನ ಬಿಟ್ಟು ದಿನ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ, ಈಗ ಹಲವರು ಹಾಗೇ ಬರೆಯುತ್ತಾರೆ.

ರಕ್ತ ಕೊಡುವ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ. ಥೈರಾಯ್ಡ್ ಮಾತ್ರೆ ರಕ್ತ ಕೊಟ್ಟ ಮೇಲೆ. ಹಿಂದಿನ ದಿನ ಐರನ್ ಮಾತ್ರೆ ಬಿಡಬೇಕಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಕೂದಲಿಗೆ ಅಂತ ಬಯೋಟಿನ್ ವಿಟಮಿನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದು ಟಿಎಸ್ಎಚ್ ಅಂಕಿಯನ್ನೇ ತಪ್ಪಾಗಿ ತೋರಿಸಬಹುದು. ಹೊಸದಾಗಿ ಐರನ್ ಶುರು ಮಾಡಿದರೆ ಆರರಿಂದ ಎಂಟು ವಾರಕ್ಕೆ ಟಿಎಸ್ಎಚ್ ಮತ್ತೆ ನೋಡಿಸಿ.

ರಿಪೋರ್ಟ್ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಐರನ್ ಕೇಳಿ ತಂದು ನುಂಗಬೇಡಿ. ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 80ಕ್ಕಿಂತ ಕಡಿಮೆ ಇದ್ದು ಫೆರಿಟಿನ್ ಚೆನ್ನಾಗಿದ್ದರೆ ಅದು ಥಲಸ್ಸೀಮಿಯಾ ಟ್ರೇಟ್ (ಅಪ್ಪ ಅಮ್ಮನಿಂದ ಬರುವ, ಹಿಮೋಗ್ಲೋಬಿನ್‌ಗೆ ಸಂಬಂಧಿಸಿದ ದೋಷ) ಇರಬಹುದು. ಅಂಥವರಿಗೆ ಐರನ್‌ನಿಂದ ಉಪಯೋಗ ಇಲ್ಲ, ಮಾಡಿಸಬೇಕಾದ ಟೆಸ್ಟೇ ಬೇರೆ.