ಒರಾಂಗುಟಾನ್ ನೋಡಬೇಕಾ? ಎರಡು ರಾತ್ರಿ ದೋಣಿಯಲ್ಲೇ ಮಲಗಿ

ಬೋರ್ನಿಯೋಗೆ ಹೋಗಿ ಒರಾಂಗುಟಾನ್ ನೋಡಬೇಕು ಅಂತಿರುವವರು ದಯವಿಟ್ಟು ಒಂದೇ ದಿನದ ಟೂರ್ ತಗೋಬೇಡಿ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ದೋಣಿ ಅಗ್ಗ, ನಿಜ. ನಾನೂ ಅದಕ್ಕೇ ದುಡ್ಡು ಕಟ್ಟುವವನಿದ್ದೆ. ಅಕ್ಕ ಹಟ ಹಿಡಿದು ಮೂರು ದಿನಕ್ಕೆ ಬದಲಾಯಿಸಿದಳು.

ಬೋರ್ನಿಯೋ ದ್ವೀಪದಲ್ಲಿ ಇಂಡೊನೇಷ್ಯಾಕ್ಕೆ ಸೇರಿದ ಭಾಗಕ್ಕೆ ಕಾಲಿಮಂಟಾನ್ ಅಂತಾರೆ. ನಾವು ಹೋಗಿದ್ದು ಮಧ್ಯ ಕಾಲಿಮಂಟಾನ್‌ನಲ್ಲಿರುವ ತಾಂಜುಂಗ್ ಪುಟಿಂಗ್ ರಾಷ್ಟ್ರೀಯ ಉದ್ಯಾನಕ್ಕೆ. ಜಕಾರ್ತಾದಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದೆ. 30 ದಿನಕ್ಕೆ 5 ಲಕ್ಷ ರುಪಿಯಾ. ಲಕ್ಷ ಅಂತ ಗಾಬರಿ ಬೀಳಬೇಡಿ, ನಮ್ಮ ದುಡ್ಡಲ್ಲಿ ಎರಡೂವರೆ, ಮೂರು ಸಾವಿರ ಅಷ್ಟೇ. ಅಲ್ಲಿಂದ ಪಂಗ್ಕಲಾನ್ ಬುನ್‌ಗೆ ವಿಮಾನ, ಆಮೇಲೆ ಕಾರಲ್ಲಿ ಕುಮಾಯ್ ಬಂದರು. ಬಂದರಲ್ಲಿ 'ಕ್ಲೊತೊಕ್' ಕಾಯುತ್ತಿರುತ್ತದೆ. ಇಂಜಿನ್ ಹಾಗೇ ಸದ್ದು ಮಾಡುವುದರಿಂದ ದೋಣಿಗೆ ಆ ಹೆಸರು. ಕೆಳಗೆ ಅಡುಗೆಮನೆ, ಮೇಲೆ ನಾವು. ರಾತ್ರಿ ಅಲ್ಲೇ ಹಾಸಿಗೆ ಹಾಸಿ ಸೊಳ್ಳೆ ಪರದೆ ಕಟ್ಟಿಕೊಡುತ್ತಾರೆ.

ಸೆಕೊನ್ಯೆರ್ ನದಿ ಮೊದಲು ಕೆಸರು ಬಣ್ಣ. ಒರಾಂಗುಟಾನ್ ಅಧ್ಯಯನ ಕೇಂದ್ರವಾದ ಕ್ಯಾಂಪ್ ಲೀಕಿ ಕಡೆಯ ಕವಲಿಗೆ ತಿರುಗಿದಿರೋ, ನೀರು ಡಿಕಾಕ್ಷನ್ ತರ ಕಪ್ಪು. ಜೌಗು ಕಾಡಿನಲ್ಲಿ ಕೊಳೆತ ಎಲೆಗಳ ಬಣ್ಣ ಅದು. ಮುಖ ಕಾಣುವಷ್ಟು ನಿಶ್ಚಲ. ಚೆನ್ನಾಗಿದೆ ಅಂತ ಕಾಲು ಇಳಿಬಿಡಬೇಡಿ, ಮೊಸಳೆಗಳಿವೆ.

ಪ್ರಾಣಿಗಳಿಗೆ ಬಾಳೆಹಣ್ಣು ಇಡುವ ಅಟ್ಟಣಿಗೆಗಳು ಮೂರು ಕಡೆ ಇವೆ. ಮೊದಲ ದಿನ ಮಧ್ಯಾಹ್ನ ತಾಂಜುಂಗ್ ಹರಾಪಾನ್‌ನಲ್ಲಿ ಒಂದೂವರೆ ಗಂಟೆ ಕೂತೆವು. ಒಂದೂ ಬರಲಿಲ್ಲ. ನಮಗೆ ಅಳು ಬರೋದೊಂದು ಬಾಕಿ, ಗೈಡ್ ಮಾತ್ರ ಖುಷಿಯಾಗಿದ್ದ. "ಕಾಡಲ್ಲಿ ಹಣ್ಣಿದೆ, ಅದಕ್ಕೇ ಬಂದಿಲ್ಲ" ಅಂದ. ಅಟ್ಟಣಿಗೆಗೆ ಬರುವವು ಹೆಚ್ಚಾಗಿ ಮನುಷ್ಯರ ಕೈಯಿಂದ ಬಿಡಿಸಿ ತಂದು ಕಾಡಿಗೆ ಬಿಟ್ಟವು, ಇಲ್ಲವೇ ಅವುಗಳ ಮಕ್ಕಳು ಮೊಮ್ಮಕ್ಕಳು. ಕಾಡಲ್ಲೇ ಹೊಟ್ಟೆ ತುಂಬಿದರೆ ನಮ್ಮ ಬಾಳೆಹಣ್ಣು ಯಾರಿಗೆ ಬೇಕು? ನಾವು ಹೋಗಿದ್ದು ಜನವರಿಯಲ್ಲಿ. ಅಟ್ಟಣಿಗೆಯಲ್ಲೇ ನೋಡಬೇಕು ಅನ್ನುವವರಿಗೆ ಜೂನ್‌ನಿಂದ ಸೆಪ್ಟೆಂಬರ್ ವಾಸಿ, ಮಳೆಯೂ ಕಡಿಮೆ.

ಎರಡನೇ ದಿನ ಕ್ಯಾಂಪ್ ಲೀಕಿ. 1971ರಲ್ಲಿ ವಿಜ್ಞಾನಿ ಬಿರುಟೆ ಗಾಲ್ಡಿಕಾಸ್ ಇಲ್ಲಿಗೆ ಬಂದು ಒರಾಂಗುಟಾನ್‌ಗಳ ಅಧ್ಯಯನ ಶುರು ಮಾಡಿದರು. ಮಳೆ ಹನಿಯುತ್ತಿತ್ತು. ಒಂದು ತಾಯಿ, ಹೊಟ್ಟೆಗೆ ಅಂಟಿಕೊಂಡ ಮರಿ. ಆಕೆ ಎಲೆಯಿದ್ದ ಒಂದು ರೆಂಬೆ ಮುರಿದು ತಲೆ ಮೇಲೆ ಹಿಡಿದುಕೊಂಡಳು. ನಮ್ಮೂರ ಗದ್ದೆಯಲ್ಲಿ ಗೊರಬು ಹಾಕಿಕೊಂಡವರ ನೆನಪಾಯಿತು. ಇವು ಏಳೆಂಟು ವರ್ಷಕ್ಕೊಂದು ಮರಿ ಹಾಕುತ್ತವೆ. ಯಾವ ಹಣ್ಣು ಎಲ್ಲಿ, ಯಾವಾಗ, ಹೇಗೆ ಸುಲಿಯೋದು ಅನ್ನೋದೆಲ್ಲ ಮರಿ ಅಮ್ಮನ ಜೊತೆಗಿದ್ದೇ ಕಲಿಯಬೇಕು. ಹಾಗಾಗಿ ಒಂದು ತಾಯಿ ಸತ್ತರೂ ಕಾಡಿಗೆ ಆಗುವ ನಷ್ಟ ದೊಡ್ಡದು.

ಆಮೇಲೆ ದೊಡ್ಡ ಗಂಡು ಬಂತು. ಮುಖದ ಎರಡೂ ಕಡೆ ಮೊರದ ಹಾಗೆ ಅಗಲ ಕೆನ್ನೆ. ಎಲ್ಲ ಗಂಡಿಗೂ ಬೇಗ ಇದು ಬರುವುದಿಲ್ಲವಂತೆ. ಕೆಲವು ವರ್ಷಗಟ್ಟಲೆ ಹೆಣ್ಣಿನ ಗಾತ್ರದಲ್ಲೇ, ಕೆನ್ನೆಯಿಲ್ಲದೆ ಉಳಿದು, ಆದರೂ ಅಪ್ಪ ಆಗುತ್ತವೆ. ಇದು ನನಗೆ ಬಹಳ ತಮಾಷೆ ಅನಿಸಿತು.

ಒಬ್ಬ ಪ್ರವಾಸಿ ಫೋನ್ ಹಿಡಿದು ಹತ್ತಿರ ಹೋದ. ಮೇಲಿಂದ ತಾಯಿ ಲೊಚಗುಟ್ಟಿದಳು. ನಮ್ಮಲ್ಲಿ ಹಿರಿಯರು ಬೇಸರಕ್ಕೆ ಲೊಚಗುಟ್ಟುತ್ತಾರಲ್ಲ, ಹೆಚ್ಚುಕಡಿಮೆ ಅದೇ ಸದ್ದು, ಸ್ವಲ್ಪ ಜೋರು. ಸಿಟ್ಟು ಬಂದಿದೆ, ಹಿಂದೆ ಸರಿಯಿರಿ ಅಂತ ಅರ್ಥ. ಈ ಸದ್ದು ಕೇಳಿದರೆ ಗೈಡ್ ಹೇಳುವವರೆಗೂ ಕಾಯಬೇಡಿ. ನೆಗಡಿ ಇದ್ದರಂತೂ ದೋಣಿಯಲ್ಲೇ ಉಳಿಯಿರಿ, ನಮ್ಮ ಕೆಮ್ಮು ಅವಕ್ಕೂ ಅಂಟುತ್ತದೆ.

ಊಟಕ್ಕೆ ತೊಂದರೆಯಿಲ್ಲ, ಅನ್ನ, ತೊಫು, ತೆಂಪೆ (ಹುದುಗಿಸಿದ ಸೋಯಾ ಕಾಳು) ಇರುತ್ತವೆ. ಸಸ್ಯಾಹಾರಿಗಳು ಸಂಬಾಲ್ ಚಟ್ನಿ ಮುಟ್ಟುವ ಮುಂಚೆ ಕೇಳಿ, ಅದಕ್ಕೆ ಸಾಮಾನ್ಯವಾಗಿ ಸಿಗಡಿ ಹುದುಗಿಸಿದ 'ತೆರಾಸಿ' ಬೆರೆಸಿರುತ್ತಾರೆ. ಅಕ್ಕ ತಂದಿದ್ದ ಚಟ್ನಿಪುಡಿ ಎರಡೇ ದಿನಕ್ಕೆ ಖಾಲಿ, ಅರ್ಧ ಅಡುಗೆಯವನಿಗೇ ಹೋಯಿತು. ಚಪ್ಪಲಿ ಸಾಕು ಅಂತ ಹೋದ ನನಗೆ ಇಂಬಳ ಕಚ್ಚಿದ್ದು ಬೇರೆ ಕತೆ. ಶೂ, ಉದ್ದ ಸಾಕ್ಸ್ ಇರಲಿ.

ಇಷ್ಟಾದರೂ ನನಗೆ ಈಗಲೂ ಕಣ್ಣಿಗೆ ಕಟ್ಟುವುದು ಕ್ಯಾಂಪಿನಿಂದ ವಾಪಸ್ ಬರುವಾಗ ಸಂಜೆ ಕಂಡಿದ್ದು. ನದಿ ದಡದ ಮರದಲ್ಲಿ ಒಂದು ಹೆಣ್ಣು ಗೂಡು ಕಟ್ಟುತ್ತಿತ್ತು. ಕೊಂಬೆಗಳನ್ನು ತನ್ನತ್ತ ಬಗ್ಗಿಸಿ, ಕಾಲಡಿ ಅದುಮಿ, ಮೇಲೆ ಎಲೆ ಮುರಿದು ಹಾಸಿ, ಕೆಲವೇ ನಿಮಿಷದಲ್ಲಿ ಹಾಸಿಗೆ ರೆಡಿ. ಇವು ದಿನಾ ರಾತ್ರಿ ಹೀಗೆ ಮಲಗುತ್ತವೆ, ಹೆಚ್ಚಾಗಿ ಹೊಸ ಗೂಡಲ್ಲೇ. ಗೂಡಿನ ಎಲೆ ಹಸಿರಿದ್ದರೆ ಪ್ರಾಣಿ ಹತ್ತಿರದಲ್ಲೇ ಇದೆ ಅಂತ, ಕಂದಾಗಿದ್ದರೆ ಹಳೆಯದು. ದೋಣಿಯಿಂದಲೇ ಹುಡುಕುತ್ತಾ ಹೋಗಬಹುದು.

ದೋಣಿಯನ್ನು ಸ್ವಲ್ಪ ದೂರದಲ್ಲೇ ಕಟ್ಟಿ ಇಂಜಿನ್ ಆಫ್ ಮಾಡಿಸಿದೆವು. ಬೆಳಿಗ್ಗೆ ನಾವು ಎರಡು ಸಲ ಟೀ ಕುಡಿದಾದ ಮೇಲೆ ಗೂಡಿನ ಅಂಚಿನಿಂದ ಒಂದು ಉದ್ದನೆಯ ಕೈ ಹೊರಬಂತು. ಸ್ವಲ್ಪ ಹೊತ್ತು ಸುಮ್ನೆ ಜೋತಾಡಿ, ಮತ್ತೆ ಒಳಗೆ ಹೋಯಿತು.