ನಾನು ಅವಳ ಸ್ಪಾನ್ಸರಂತೆ!

ಅಂತೂ ಹೆಂಡತಿ, ಮಗಳ ಎಂಟ್ರಿ ಪರ್ಮಿಟ್ ಬಂತು. ಮುಂದಿನ ವಾರ ಮಂಗಳೂರಿಂದ ದುಬೈಗೆ ಹೊರಡುತ್ತಾರೆ. ಮೆಡಿಕಲ್, ಎಮಿರೇಟ್ಸ್ ಐಡಿ (ಇಲ್ಲಿನ ಗುರುತಿನ ಚೀಟಿ) ಎಲ್ಲ ಇಲ್ಲಿಗೆ ಬಂದ ಮೇಲೆ.

ಕಷ್ಟ ಕೊಟ್ಟಿದ್ದು ಸಂಸಾರ ಕರೆಸೋಕೆ ಇಷ್ಟು ಸಂಬಳ ಇರಬೇಕು ಅನ್ನೋ ನಿಯಮ ಅಲ್ಲ, ಮದುವೆ ಸರ್ಟಿಫಿಕೇಟ್. ಎಂಟುನೂರು ಜನ ಊಟ ಮಾಡಿ ಹೋದ ಮದುವೆ. ಆಲ್ಬಮ್ ಎತ್ತೋಕೆ ಎರಡು ಕೈ ಬೇಕು. ಅದನ್ನು ಕೇಳೋರು ಯಾರು? ಸಬ್ ರಿಜಿಸ್ಟ್ರಾರ್ ಆಫೀಸಿನ ಒಂದು ಹಾಳೆ ಸಾಕು. ಆದರೆ ಯುಎಇಗೆ ಅಪೊಸ್ಟಿಲ್, ಅಂದರೆ ಹಲವು ದೇಶಗಳು ಒಪ್ಪೋ ಒಂದೇ ದೃಢೀಕರಣದ ಸೀಲು, ನಡೆಯಲ್ಲ. ಹಾಗಾಗಿ ಮೊದಲು ಬೆಂಗಳೂರಲ್ಲಿ ರಾಜ್ಯ ಸರ್ಕಾರದ ಸೀಲು, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಯುಎಇ ರಾಯಭಾರ ಕಚೇರಿಯದ್ದು, ಕೊನೆಗೆ ಇಲ್ಲಿನ ವಿದೇಶಾಂಗ ಸಚಿವಾಲಯದ್ದು. ಜೊತೆಗೆ ಅರೇಬಿಕ್ ಅನುವಾದ ಬೇರೆ. ಹಾಳೆಯ ಹಿಂಭಾಗ ಈಗ ಹಳೇ ಲಾರಿ ಪರ್ಮಿಟ್ ಥರ ಕಾಣುತ್ತದೆ.

ಇದರ ನಡುವೆ ಇನಿಷಿಯಲ್ ರಗಳೆ. ಸರ್ಟಿಫಿಕೇಟಲ್ಲಿ ಅವಳ ಹೆಸರಿನ ಮುಂದೆ ಬರೀ 'ಕೆ', ಪಾಸ್‌ಪೋರ್ಟಲ್ಲಿ ಅಪ್ಪನ ಪೂರ್ತಿ ಹೆಸರು. ಇಬ್ಬರೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಬೇಕಾಯಿತು. "ನನ್ನಪ್ಪನ ಹೆಸರಿಗೆ ನೋಟರಿ ಸಾಕ್ಷಿ ಬೇಕಾ?" ಅಂತ ಫೋನಲ್ಲಿ ರೇಗಿದಳು. ನನ್ನ ಮೇಲೆ, ಮತ್ಯಾರ ಮೇಲೆ!

ಫಾರ್ಮಲ್ಲಿ ನಾನು ಸ್ಪಾನ್ಸರ್, ಅವಳು ಅವಲಂಬಿತೆ. ಓದಿ ನಗು ಬಂತು. ನನಗೆ ಕೆಲಸ ಇಲ್ಲದ ಒಂದೂವರೆ ವರ್ಷ ಅವಳ ಟೀಚರ್ ಸಂಬಳದಲ್ಲೇ ಮನೆ ನಡೆದಿದ್ದು. ಆಗ ಯಾರೂ ನನಗೆ ಫಾರ್ಮ್ ತುಂಬಿಸಿರಲಿಲ್ಲ.

ಬರುವಾಗ ಕುಚ್ಚಲಕ್ಕಿ ತರ್ತೀನಿ ಅಂತಿದ್ದಾಳೆ. ಇಲ್ಲೇ ಸಿಗತ್ತೆ ಅಂದರೆ ಕೇಳಬೇಕಲ್ವಾ.