ದಡಕ್ಕೆ ಬಂದ ಸರಕು ಯಾರದ್ದು?

ಕಡಲು ತಂದು ಹಾಕಿದ್ದು ಸಿಕ್ಕವನಿಗೆ ಎಂಬ ನಂಬಿಕೆ ನಮ್ಮ ಕರಾವಳಿಯಲ್ಲಿ ಇರುವಷ್ಟೇ ಗಟ್ಟಿಯಾಗಿ ಇಂಗ್ಲೆಂಡಿನಲ್ಲಿಯೂ ಇದೆ. ಕಾನೂನು ಮಾತ್ರ ಎರಡೂ ಕಡೆ ಅದನ್ನು ಒಪ್ಪುವುದಿಲ್ಲ.

2007ರ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡಲು ಬಿರಿದ ಎಂಎಸ್‌ಸಿ ನಾಪೋಲಿ ಎಂಬ ಕಂಟೇನರ್ ಹಡಗನ್ನು, ನಡುಗಡಲಿನಲ್ಲಿ ಮುಳುಗಿ ತೈಲ ಚೆಲ್ಲುವುದಕ್ಕಿಂತ ಇದೇ ಲೇಸೆಂದು, ಡೆವನ್ ಸೀಮೆಯ ಬ್ರಾನ್ಸ್‌ಕಂಬ್ ಹಳ್ಳಿಯ ಬಳಿ ಬೇಕೆಂದೇ ನೆಲ ಹತ್ತಿಸಿದರು. ಅದರಿಂದ ಜಾರಿದ ಕಂಟೇನರ್‌ಗಳು ದಡ ಸೇರಿದ್ದೇ ತಡ, ದೂರದೂರದಿಂದ ಜನ ಮುಗಿಬಿದ್ದರು. ಹೊಚ್ಚ ಹೊಸ ಬಿಎಂಡಬ್ಲ್ಯೂ ಮೋಟಾರ್ ಸೈಕಲ್ಲುಗಳನ್ನು ಮರಳಿನಲ್ಲಿ ತಳ್ಳಿಕೊಂಡು ಹೋದವರಿದ್ದರು. ವೈನ್ ಪೀಪಾಯಿ, ಮಕ್ಕಳ ಡೈಪರ್, ಕಾರಿನ ಬಿಡಿಭಾಗ, ಯಾವುದನ್ನೂ ಬಿಡಲಿಲ್ಲ. ಸ್ವೀಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹೊರಟಿದ್ದ ಒಂದು ಮನೆಯ ಸಾಮಾನುಗಳೂ ಹೀಗೆಯೇ ಚೆಲ್ಲಾಪಿಲ್ಲಿಯಾದವು. ಮೋಟಾರ್ ಸೈಕಲ್ಲಿನ ಕಥೆ ಕೇಳಿ ನಗುವ ನನಗೆ ಈ ಭಾಗ ಬಂದಾಗ ನಗು ಬರುವುದಿಲ್ಲ. ಅಲ್ಲಿನ ಕಾನೂನಿನಂತೆ ಸಿಕ್ಕಿದ್ದನ್ನು 28 ದಿನಗಳೊಳಗೆ ರಿಸೀವರ್ ಆಫ್ ರೆಕ್ ಎಂಬ ಅಧಿಕಾರಿಗೆ ತಿಳಿಸಬೇಕು. ಮಾಲೀಕನಿಗೆ ತನ್ನ ಸರಕನ್ನು ಕೇಳಲು ಒಂದು ವರ್ಷದ ಅವಕಾಶವಿದೆ. ಕಾಪಾಡಿ ಒಪ್ಪಿಸಿದವನು ಸಂಭಾವನೆಗೆ ಅರ್ಹನಾಗುತ್ತಾನೆ.

2025ರ ಮೇ ತಿಂಗಳಲ್ಲಿ ಕೇರಳದ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗ ಜಾರಿಯಲ್ಲಿದ್ದ ನಮ್ಮ 1958ರ ವಾಣಿಜ್ಯ ನೌಕಾಯಾನ ಕಾಯ್ದೆಯ ಜಾಡೂ ಹೆಚ್ಚುಕಡಿಮೆ ಇದೇ ಆಗಿತ್ತು. ಅದರ ಜೊತೆಗೆ 1962ರ ಕಸ್ಟಮ್ಸ್ ಕಾಯ್ದೆಯ 21ನೇ ಕಲಮು, ತೇಲಿ ಬಂದ ಸರಕನ್ನೂ ಆಮದಾದ ಸರಕೆಂದೇ ಪರಿಗಣಿಸುತ್ತದೆ. ಹೀಗಾಗಿ ಮರಳಿನ ಮೇಲೆ ಬಿದ್ದ ಪೆಟ್ಟಿಗೆಗೆ ಮಾಲೀಕನಷ್ಟೇ ಅಲ್ಲ, ಸುಂಕದ ಬಾಕಿಯೂ ಇರುತ್ತದೆ.

ವಿಳಿಂಜದಿಂದ ಕೊಚ್ಚಿಗೆ ಹೊರಟಿದ್ದ ಆ ಹಡಗಿನಲ್ಲಿ 640 ಕಂಟೇನರ್‌ಗಳಿದ್ದವು. ಸಿಬ್ಬಂದಿ 24 ಮಂದಿಯೂ ಬದುಕಿದರು. ಮರುದಿನದಿಂದಲೇ ಕೊಲ್ಲಂ ಕರಾವಳಿಗೆ ಪೆಟ್ಟಿಗೆಗಳು ಬರತೊಡಗಿದಾಗ, ಯಾರೂ ಮುಟ್ಟಬೇಡಿ, 200 ಮೀಟರ್ ದೂರವಿರಿ, 112ಕ್ಕೆ ಕರೆ ಮಾಡಿ ಎಂದು ಸರ್ಕಾರ ಸಾರಿತು. ಅದು ಬರೀ ಅಧಿಕಾರಿಗಳ ದರ್ಪವಾಗಿರಲಿಲ್ಲ. 12 ಕಂಟೇನರ್‌ಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ನೀರು ತಗುಲಿದರೆ ಅದರಿಂದ ಬೆಂಕಿ ಹತ್ತುವ ಅಸಿಟಿಲಿನ್ ಅನಿಲ ಹೊರಡುತ್ತದೆ. ಹೊರಗಿನಿಂದ ನೋಡಿದವನಿಗೆ ಯಾವ ಪೆಟ್ಟಿಗೆಯೊಳಗೆ ಏನಿದೆ ಎಂದು ತಿಳಿಯುವ ಬಗೆಯೇ ಇಲ್ಲ.

ಆದರೆ ಅಲ್ಲಿನ ದಡಕ್ಕೆ ರಾಶಿರಾಶಿಯಾಗಿ ಬಂದದ್ದು ಕಾರ್ಬೈಡೂ ಅಲ್ಲ, ಮೋಟಾರ್ ಸೈಕಲ್ಲೂ ಅಲ್ಲ. ಬಕೆಟ್ಟು, ಚೀಲ ಮುಂತಾದವನ್ನು ಮಾಡುವ ಮುನ್ನಿನ ಕಚ್ಚಾ ಪ್ಲಾಸ್ಟಿಕ್ ಗುಳಿಗೆಗಳು ತಿರುವನಂತಪುರದ ಕಡಲತೀರಗಳವರೆಗೂ ಹರಡಿದವು. ಸಬ್ಬಕ್ಕಿಯ ಕಾಳಿನಂತೆ ಬೆಳ್ಳಗೆ ಕಾಣುವ ಇವು ಚೀಲದಲ್ಲಿರುವಷ್ಟು ಹೊತ್ತು ಎತ್ತಿಡಬಹುದಾದ ಸರಕು. ಚೀಲ ಹರಿದ ಮೇಲೆ ಮರಳಿನೊಡನೆ ಬೆರೆತು, ಅಲೆ ಬಂದಾಗಲೆಲ್ಲ ಒಂದು ಪದರದ ಕೆಳಗೆ ಇನ್ನೊಂದು ಪದರವಾಗಿ ಹೂತುಹೋಗುತ್ತವೆ. ಸ್ವಯಂಸೇವಕರು ಮರಳನ್ನು ಜರಡಿಗೆ ಸುರಿದು ಅಲ್ಲಾಡಿಸಬೇಕು, ಜರಡಿಯಲ್ಲಿ ಉಳಿದದ್ದರಿಂದ ಚಿಪ್ಪು ಕಸಗಳನ್ನು ಆರಿಸಬೇಕು, ಮರುದಿನ ಅದೇ ಜಾಗದಲ್ಲಿ ಮತ್ತೆ ಕೂರಬೇಕು. ಮುಂಗಾರು ಆ ವರ್ಷ ಮೇ 24ಕ್ಕೇ ಕೇರಳ ಮುಟ್ಟಿದ್ದರಿಂದ ಈ ಕೆಲಸವೆಲ್ಲ ಮಳೆಗಾಲದ ಅಬ್ಬರದ ಕಡಲಿನೆದುರೇ ನಡೆಯಬೇಕಾಯಿತು.

ನನ್ನ ತಕರಾರು ಇರುವುದು ಇಲ್ಲಿಯೇ. ಹಳೆಯ ಕಾಯ್ದೆಯ ಏರ್ಪಾಡೆಲ್ಲ ಸರಕಿಗೆ ಬೆಲೆಯಿದೆ, ಮಾಲೀಕ ಬಂದು ಕೇಳುತ್ತಾನೆ ಎಂಬ ಊಹೆಯ ಮೇಲೆ ನಿಂತಿದೆ. ಉಳಿಸಿಕೊಟ್ಟ ಸರಕಿನ ಬೆಲೆ ನೋಡಿಯೇ ಸಂಭಾವನೆ ನಿಗದಿಯಾಗುತ್ತದೆ. ಮರಳು ಬೆರೆತ ಗುಳಿಗೆಯನ್ನು ಕೇಳಿಕೊಂಡು ಯಾವ ಮಾಲೀಕನೂ ಬರುವುದಿಲ್ಲ. ಆದ್ದರಿಂದ ಬಿಸಿಲು ಮಳೆಯೆನ್ನದೆ ಜರಡಿ ಹಿಡಿದವರು ಆ ಲೆಕ್ಕದೊಳಗೆ ಬರುವುದೇ ಇಲ್ಲ. (ನಮ್ಮ ಉಳ್ಳಾಲದ ಬಳಿ 2022ರಲ್ಲಿ ಮುಳುಗಿದ ಪ್ರಿನ್ಸೆಸ್ ಮಿರಾಲ್ ಹೊತ್ತಿದ್ದದ್ದು ಉಕ್ಕಿನ ಸುರುಳಿ; ಅದು ತೇಲುವ ಸರಕಲ್ಲ, ಹಾಗಾಗಿ ನಮಗೆ ಈ ಪಾಠ ತಪ್ಪಿತು.)

ಅವರ ಶ್ರಮದ ಲೆಕ್ಕ ಈಗ ಹೋಗಬೇಕಾದ್ದು ಪರಿಹಾರದ ದಾವೆಗೆ. ಕೊಲಂಬೊ ಬಳಿ 2021ರಲ್ಲಿ ಹೊತ್ತಿ ಉರಿದು ಇಂಥವೇ ಗುಳಿಗೆಗಳನ್ನು ಚೆಲ್ಲಿದ ಎಕ್ಸ್‌ಪ್ರೆಸ್ ಪರ್ಲ್ ಹಡಗಿನ ಪ್ರಕರಣದಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ 100 ಕೋಟಿ ಡಾಲರ್ ಪರಿಹಾರಕ್ಕೆ ಆದೇಶಿಸಿತು. ಕೇರಳವೂ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಗಿದೆ. ದೋಣಿ ಇಳಿಸಲಾಗದೆ ಕುಳಿತ ಮೀನುಗಾರನ ನಷ್ಟದ ಪಕ್ಕದಲ್ಲಿ ಜರಡಿ ಹಿಡಿದವರ ಕೂಲಿಯನ್ನೂ ಒಂದು ಸಾಲಾಗಿ ಬರೆಯಬೇಕೆಂಬುದು ನನ್ನ ಅಭಿಪ್ರಾಯ.